ಎಂಬತ್ತು ಸೀಟುಗಳಾಚೆಯ ಮಕ್ಕಳು

ಚಿಕ್ಕಮಗಳೂರು ಜಿಲ್ಲೆಯ ಬುಕ್ಕಾಂಬುಧಿ ಸುತ್ತಿನ ಊರುಗಳಲ್ಲಿ ಈರುಳ್ಳಿ ಹೊಲದಲ್ಲಿ ಕೈತುಂಬ ಕೆಲಸವಿರುವ ದಿನಗಳೂ ನವೋದಯ ಶಾಲೆಗೆ ಅರ್ಜಿ ಕರೆಯುವ ದಿನಗಳೂ ಇತ್ತೀಚಿನ ವರ್ಷಗಳಲ್ಲಿ ಒಟ್ಟಿಗೇ ಬರುತ್ತಿವೆ. ಮಳೆಗಾಲದಲ್ಲಿ ಅರ್ಜಿ. ಈರುಳ್ಳಿ ಕಿತ್ತು, ಮಾರಿ, ರಾಗಿ ಕೊಯ್ಲು ಮುಗಿಯುವ ಹೊತ್ತಿಗೆ, ಅಂದರೆ ಡಿಸೆಂಬರ್-ಜನವರಿಗೆ, ಪರೀಕ್ಷೆ. ಐದನೇ ತರಗತಿಯ ಮಗುವಿನ ಪಕ್ಕ ಅಪ್ಪ ಅಮ್ಮ ಕೂರಬೇಕಾದ ಈ ತಿಂಗಳುಗಳಲ್ಲೇ ಅವರಿಗೆ ಪುರುಸೊತ್ತು ಎಲ್ಲಕ್ಕಿಂತ ಕಡಿಮೆ. ಕೂರಲಾಗದವರು ಆ ಜಾಗವನ್ನು ದುಡ್ಡು ಕೊಟ್ಟಾದರೂ ತುಂಬಿಸಲು ನೋಡುತ್ತಾರೆ; ಅದರಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ. "ಮಗೂನ ನವೋದಯಕ್ಕೆ ಕಟ್ಟಿಸ್ಬೇಕು ಸಾರ್, ಯಾವ ಕೋಚಿಂಗಿಗೆ ಹಾಕ್ಲಿ?" ಎಂದು ಅವರು ಮೇಷ್ಟ್ರನ್ನು ಕೇಳುವಾಗ ಆ ಮಾತಿನ ಹಿಂದೆ ಇರುವುದು ಆಸೆಯ ಜೊತೆಗೆ ಒಂದು ದಿಗಿಲು ಕೂಡ.

ನನ್ನ ಪ್ರಕಾರ ಈ ಪ್ರಶ್ನೆಗೂ ಮುಂಚೆ ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಸೀಟು ಸಿಗದೇ ಹೋದರೆ, ಈ ವರ್ಷದ ತಯಾರಿಯಿಂದ ಮಗುವಿನ ಬಳಿ ಏನು ಉಳಿಯುತ್ತದೆ?

ಇದು ಅಪಶಕುನದ ಮಾತಲ್ಲ, ಬರೀ ಲೆಕ್ಕ. ಜಿಲ್ಲೆಗೊಂದು ಜವಾಹರ ನವೋದಯ ವಿದ್ಯಾಲಯ. ಚಿಕ್ಕಮಗಳೂರು ಜಿಲ್ಲೆಯದು ಬಾಳೆಹೊನ್ನೂರಿನ ಬಳಿಯ ಸೀಗೋಡಿನಲ್ಲಿದೆ. ಆರನೇ ತರಗತಿಗೆ ಅದು ತೆಗೆದುಕೊಳ್ಳುವುದು ಹೆಚ್ಚೆಂದರೆ 80 ಮಕ್ಕಳನ್ನು. ಆ 80 ಸೀಟಿಗೆ ಕಡೂರು, ತರೀಕೆರೆ, ಅಜ್ಜಂಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಕಳಸ, ಚಿಕ್ಕಮಗಳೂರು ಹೀಗೆ ಒಂಬತ್ತು ತಾಲ್ಲೂಕಿನ ಮಕ್ಕಳು ಬರೆಯುತ್ತಾರೆ. ಎಲ್ಲ ಮಕ್ಕಳೂ ಅದ್ಭುತವಾಗಿ ತಯಾರಾದರೂ ಸೀಟು ಎಂಬತ್ತೊಂದಾಗುವುದಿಲ್ಲ. ಒಂದು ಊರಿನಿಂದ ಹತ್ತು ಮಕ್ಕಳು ಬರೆದು ಒಬ್ಬರು ಆಯ್ಕೆಯಾದರೆ ಆ ಊರಿಗೆ ಅದು ಹಬ್ಬ. ಉಳಿದ ಒಂಬತ್ತು ಮಕ್ಕಳು ಅದೇ ಜೂನಿನಲ್ಲಿ ಅದೇ ಊರಿನ ಆರನೇ ತರಗತಿಗೆ ನಡೆದು ಹೋಗುತ್ತಾರೆ. ಪರೀಕ್ಷೆ ತಯಾರಿಯ ಬಗ್ಗೆ ಸಲಹೆ ಕೊಡುವವರು ಆ ಒಬ್ಬ ಮಗುವನ್ನು ಮನಸ್ಸಿನಲ್ಲಿಟ್ಟು ಮಾತಾಡುತ್ತಾರೆ. ನಾನು ಆ ಒಂಬತ್ತು ಮಕ್ಕಳನ್ನು ಮುಂದಿಟ್ಟುಕೊಂಡು ಮಾತಾಡಲು ಬಯಸುತ್ತೇನೆ. ಹಾಗೆ ಹೊರಟರೆ ಆ ಒಬ್ಬ ಮಗುವಿಗೂ ಅದೇ ದಾರಿ ಒಳ್ಳೆಯದು ಅನ್ನುವುದು ತಾನಾಗಿ ಕಾಣುತ್ತದೆ.

ನವೋದಯದ ಆಸೆ ಪಡುವುದೇ ತಪ್ಪು ಎನ್ನುವವರ ಸಾಲಿಗೆ ನಾನು ಸೇರಿದವನಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದಲ್ಲಿ ಹುಟ್ಟಿದ ಈ ಶಾಲೆಗಳು ಹಳ್ಳಿಯ ಮಕ್ಕಳಿಗಾಗಿಯೇ ಆದವು. ಮೊದಲ ಎರಡು ಶಾಲೆಗಳು 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ತೆರೆದವು. ಕನಿಷ್ಠ ಶೇ 75 ಸೀಟು ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲವೂ ಸರ್ಕಾರದ್ದು. ಮಳೆ ಕೈಕೊಟ್ಟ ವರ್ಷ ಸಾಲ ಮಾಡಿ ಬೀಜ ತರುವ ಮನೆಗೆ ಏಳು ವರ್ಷದ ಇಂಥ ಓದು ಅಂದರೆ ಏನೆಂದು ಪಟ್ಟಣದಲ್ಲಿ ಕೂತವರಿಗೆ ಸುಲಭವಾಗಿ ತಿಳಿಯಲಾರದು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಮುಂತಾದ ರಾಜ್ಯದ ವಸತಿ ಶಾಲೆಗಳ ಮಾತೂ ಇದೇ. ಅವುಗಳ ಆರನೇ ತರಗತಿಗೂ ಪ್ರವೇಶ ಪರೀಕ್ಷೆ ಇದೆ, ಅದನ್ನು ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳಿಗೆ ಬೇರೆಯದೇ ರಾಷ್ಟ್ರಮಟ್ಟದ ಪರೀಕ್ಷೆ. ಹತ್ತು ವರ್ಷದ ಮಗುವಿನ ಮುಂದೆ ಒಂದೇ ಚಳಿಗಾಲದಲ್ಲಿ ಎರಡು ಮೂರು ಬಾಗಿಲುಗಳು ಬಂದು ನಿಲ್ಲುತ್ತವೆ.

ತಯಾರಿ ಹೇಗಿರಬೇಕು ಎಂದು ತಿಳಿಯಲು ಪ್ರಶ್ನೆಪತ್ರಿಕೆಯನ್ನೇ ಬಿಡಿಸಿ ನೋಡುವುದು ಒಳ್ಳೆಯದು. ನವೋದಯದ್ದು ಎರಡು ಗಂಟೆಯ ಪತ್ರಿಕೆ. 80 ಪ್ರಶ್ನೆ, 100 ಅಂಕ. ಮೊದಲ ಭಾಗ ಮಾನಸಿಕ ಸಾಮರ್ಥ್ಯ: 40 ಪ್ರಶ್ನೆ, 50 ಅಂಕ. ಗುಂಪಿಗೆ ಸೇರದ ಆಕೃತಿ ಯಾವುದು, ಕನ್ನಡಿಯಲ್ಲಿ ಈ ಚಿತ್ರ ಹೇಗೆ ಕಾಣುತ್ತದೆ, ಮಡಿಸಿ ತೂತು ಹೊಡೆದ ಕಾಗದ ಬಿಚ್ಚಿದಾಗ ತೂತು ಎಲ್ಲೆಲ್ಲಿ ಇರುತ್ತವೆ, ಇಂಥವು. ಇಲ್ಲಿ ಅಕ್ಷರದ ಹಂಗಿಲ್ಲ, ಕಣ್ಣಿನ ಕೆಲಸ. ಎರಡನೆಯದು ಅಂಕಗಣಿತ: 20 ಪ್ರಶ್ನೆ, 25 ಅಂಕ. ಮೂರನೆಯದು ಭಾಷೆ: ನಾಲ್ಕು ಗದ್ಯಭಾಗ ಕೊಟ್ಟು ಒಂದೊಂದಕ್ಕೂ ಐದೈದು ಪ್ರಶ್ನೆ, 25 ಅಂಕ. ಪತ್ರಿಕೆಯನ್ನು ಕನ್ನಡದಲ್ಲೇ ಬರೆಯಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಕೋಚಿಂಗ್ ಕೇಂದ್ರಗಳು ಹೆಚ್ಚು ಹೊತ್ತು ಕೊಡುವುದು ಮೊದಲ ಭಾಗಕ್ಕೆ. ಅರ್ಧ ಅಂಕ ಅಲ್ಲೇ ಇದೆ, ಮತ್ತು ಮಗು ಬೇಗ ಸುಧಾರಿಸಿದಂತೆ ತಂದೆತಾಯಿಗೆ ಕಾಣುವುದೂ ಅಲ್ಲೇ. ಹಾಗೆ ಸುಧಾರಿಸುವುದು ನಿಜ ಕೂಡ. ಆದರೆ ಎಷ್ಟರವರೆಗೆ? ಇದನ್ನು ಇಂಗ್ಲೆಂಡ್ ನಮಗಿಂತ ಬಹಳ ಮುಂಚೆ ನೋಡಿದೆ. 1944ರ ಶಿಕ್ಷಣ ಕಾಯ್ದೆಯ ನಂತರ ಅಲ್ಲಿ ಹನ್ನೊಂದರ ಆಸುಪಾಸಿನ ಮಕ್ಕಳಿಗೆಲ್ಲ ಒಂದು ಪರೀಕ್ಷೆ ಇಟ್ಟು, ಗೆದ್ದವರನ್ನು ಗ್ರಾಮರ್ ಶಾಲೆಗೆ, ಉಳಿದವರನ್ನು ಬೇರೆ ಶಾಲೆಗೆ ಕಳಿಸುತ್ತಿದ್ದರು. ಅಲ್ಲಿಯೂ ತಂದೆತಾಯಿಗಳು ಟ್ಯೂಷನ್ನಿಗೆ ಮುಗಿಬಿದ್ದರು. ಹಾಗೆ ತರಬೇತಿ ಕೊಟ್ಟರೆ ಬುದ್ಧಿಶಕ್ತಿ ಪರೀಕ್ಷೆಯ ಅಂಕ ಏರುತ್ತದೆಯೇ ಎಂಬುದನ್ನು ಫಿಲಿಪ್ ವರ್ನನ್ ಮೊದಲಾದ ಮನಶ್ಶಾಸ್ತ್ರಜ್ಞರು 1950ರ ದಶಕದಲ್ಲಿ ಪರಿಶೀಲಿಸಿದರು. ಅವರು ಕಂಡದ್ದು ಇಷ್ಟು: ಏರುತ್ತದೆ, ಆದರೆ ಹೆಚ್ಚಿನ ಏರಿಕೆ ಮೊದಲ ಕೆಲವು ಅಭ್ಯಾಸಗಳಲ್ಲೇ ಆಗಿಬಿಡುತ್ತದೆ, ಆಮೇಲೆ ಎಷ್ಟು ತಿದ್ದಿಸಿದರೂ ಅಷ್ಟಕ್ಕಷ್ಟೇ. ಪ್ರಶ್ನೆಯ ಬಗೆ ಪರಿಚಯವಾಗುವವರೆಗೆ ಲಾಭ, ಪರಿಚಯವಾದ ಮೇಲೆ ಪುನರಾವರ್ತನೆ.

ಇನ್ನು ಉಳಿದ ಅರ್ಧವನ್ನು ನೋಡಿ. ಹಿಂದೆಂದೂ ಕಾಣದ ಒಂದು ಪುಟವನ್ನು ಓದಿ ಅದರಲ್ಲೇನಿದೆ ಎಂದು ಹಿಡಿಯುವುದು, ಭಿನ್ನರಾಶಿ, ದಶಮಾಂಶ, ಲ.ಸಾ.ಅ., ಮ.ಸಾ.ಅ., ಲಾಭ-ನಷ್ಟ ಇವುಗಳನ್ನು ಅರ್ಥ ಮಾಡಿಕೊಂಡು ಮಾಡುವುದು ಐದನೇ ತರಗತಿಯ ಆರು ತಿಂಗಳಲ್ಲಿ ಹುಟ್ಟಿಸಲು ಬರುವಂಥದ್ದಲ್ಲ. ಅದು ಮೂರನೇ ತರಗತಿಯಿಂದ ನಿಧಾನವಾಗಿ ಕೂಡಬೇಕು. ಗ್ರಾಮೀಣ ಭಾರತದಲ್ಲಿ ಐದನೇ ತರಗತಿಯ ಎಷ್ಟು ಮಕ್ಕಳು ಎರಡನೇ ತರಗತಿಯ ಪಾಠ ಓದಬಲ್ಲರು ಎಂದು ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆ ಅಳೆಯುತ್ತದೆ. 2022ರಲ್ಲಿ ಶೇ 42.8, 2024ರಲ್ಲಿ ಶೇ 48.8. ಅಂದರೆ ನಾವು ಪ್ರವೇಶ ಪರೀಕ್ಷೆಗೆ ಕೂರಿಸಲು ಹೊರಟಿರುವ ವಯಸ್ಸಿನ ಅರ್ಧದಷ್ಟು ಮಕ್ಕಳಿಗೆ ಪರೀಕ್ಷೆಗಿಂತ ಮುಂಚಿನ ಕಷ್ಟವೇ ಬಗೆಹರಿದಿಲ್ಲ. ಇಂಥ ಮಗುವಿನ ಕೈಗೆ ದಪ್ಪ ಗೈಡು ಕೊಟ್ಟರೆ ಅದು ಉತ್ತರ ಬಾಯಿಪಾಠ ಮಾಡುತ್ತದೆ. ಬೇರೇನೂ ಮಾಡಲು ಅದಕ್ಕೆ ದಾರಿಯಿಲ್ಲ. ಪರೀಕ್ಷೆಯಲ್ಲಿ ಗೈಡಿನ ಗದ್ಯಭಾಗ ಬರುವುದಿಲ್ಲ.

ಆದ್ದರಿಂದ ಒಂದು ವರ್ಷದ ಕೋಚಿಂಗ್ ಅನ್ನುವುದು ಪತ್ರಿಕೆಯ ಅರ್ಧಕ್ಕೆ ಅಗತ್ಯಕ್ಕಿಂತ ಉದ್ದ, ಇನ್ನರ್ಧಕ್ಕೆ ತೀರ ತಡ. ಸೀಟು ಸಿಗದ ಮಗುವಿನ ಕಡೆಯಿಂದ ನೋಡಿದರೂ ಇದೇ ಸಿಗುತ್ತದೆ. ಆಕೃತಿಗಳ ಸರಣಿಯಲ್ಲಿ ಪಡೆದ ಚುರುಕಿನಿಂದ ಆರನೇ ತರಗತಿಯ ವಿಜ್ಞಾನ ಪಾಠ ಅರ್ಥವಾಗುವುದಿಲ್ಲ. ಓದಲು ಬಂದರೆ ಅರ್ಥವಾಗುತ್ತದೆ, ಭಿನ್ನರಾಶಿ ಬಂದರೆ ಏಳನೇ ತರಗತಿಯ ಬೀಜಗಣಿತಕ್ಕೆ ಕಾಲೂರಲು ನೆಲ ಸಿಗುತ್ತದೆ. ಸಮಯ ಎಲ್ಲಿ ಹೋಗಬೇಕು ಎಂಬುದು ಇಲ್ಲಿಗೆ ತೀರ್ಮಾನವಾಯಿತು: ಮುಕ್ಕಾಲು ಪಾಲು ಓದಿಗೆ ಮತ್ತು ಲೆಕ್ಕಕ್ಕೆ, ಆಕೃತಿಗಳಿಗೆ ಪರೀಕ್ಷೆಯ ಹಿಂದಿನ ಕೆಲವು ವಾರ.

ಓದಿನ ಮಾತಿಗೆ ಬರೋಣ. ತಾನೇ ಓದು ಬಾರದ ತಾಯಿ ಮಗುವಿಗೆ ಹೇಗೆ ಓದಿಸುವುದು ಎಂದು ಕೇಳುವವರಿದ್ದಾರೆ. ತಾಯಿ ಓದಿಸಬೇಕಿಲ್ಲ, ಕೇಳಿಸಿಕೊಂಡರೆ ಸಾಕು. ರೊಟ್ಟಿ ತಟ್ಟುವಾಗ, ಈರುಳ್ಳಿ ಗೆಡ್ಡೆಯ ತಲೆ ಕೊಯ್ಯುತ್ತ ಕೂತಾಗ ಮಗು ಪತ್ರಿಕೆಯ ಒಂದು ಸುದ್ದಿಯನ್ನೋ ಒಂದು ಕಥೆಯನ್ನೋ ಗಟ್ಟಿಯಾಗಿ ಓದಲಿ. ಓದಿ ಮುಗಿದ ಮೇಲೆ ಪುಸ್ತಕ ಮುಚ್ಚಿಸಿ, "ಏನಂತೆ? ಹೇಳು" ಅನ್ನಲಿ. ಆಮೇಲೆ "ಅವ್ನು ಯಾಕ್ ಹಂಗ್ ಮಾಡ್ದ?" ಅನ್ನಲಿ. ಭಾಷಾ ವಿಭಾಗದಲ್ಲಿ ಕೇಳುವುದು ಇಷ್ಟನ್ನೇ: ಏನಾಯಿತು, ಯಾಕಾಯಿತು, ಈ ಪದಕ್ಕೆ ಇಲ್ಲಿ ಯಾವ ಅರ್ಥ, ಒಟ್ಟು ಮಾತಿನ ಸಾರ ಏನು. ಅಕ್ಷರ ಕಲಿಯದ ತಾಯಿಯ ಕುತೂಹಲಕ್ಕೆ ಉತ್ತರ ಹೇಳಿ ಹೇಳಿ ಬೆಳೆದ ಮಗು ಈ ಪ್ರಶ್ನೆಗಳಿಗೆ ಹೆದರುವುದಿಲ್ಲ. ಓದಲು ಪುಸ್ತಕ ಬೇಕಲ್ಲ? ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ 'ಓದುವ ಬೆಳಕು' ಕಾರ್ಯಕ್ರಮವೂ ಬಂದಿದೆ. ನಿಮ್ಮ ಪಂಚಾಯಿತಿಯ ಕೇಂದ್ರ ಸಂಜೆ ಶಾಲೆ ಬಿಟ್ಟ ಮೇಲೆ ತೆರೆದಿರುತ್ತದೆಯೇ, ಮಕ್ಕಳ ಪುಸ್ತಕ ಮನೆಗೆ ಕೊಡುತ್ತಾರೆಯೇ ಎಂದು ಹೋಗಿ ಕೇಳಿ. ಇಲ್ಲವಾದರೆ ಗ್ರಾಮಸಭೆಯಲ್ಲಿ ಕೇಳಿ. ಚರಂಡಿ, ಬೀದಿದೀಪದ ಜೊತೆಗೆ ಇದೂ ಅಲ್ಲಿ ಎತ್ತಬೇಕಾದ ವಿಷಯವೇ.

ಲೆಕ್ಕಕ್ಕೆ ನಮ್ಮ ಕಡೆಯ ಮನೆಗಳಲ್ಲಿ ಬರಗಾಲವಿಲ್ಲ. ನಲವತ್ತು ಮೂಟೆ ಈರುಳ್ಳಿ, ಮೂಟೆಗೆ 50 ಕೆ.ಜಿ. ಒಟ್ಟು ಎಷ್ಟು ಕ್ವಿಂಟಾಲ್? ಕ್ವಿಂಟಾಲಿಗೆ 1,500 ರೂಪಾಯಿ ಸಿಕ್ಕಿತು ಅಂದುಕೊಳ್ಳಿ. ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ ಲಾರಿ ಬಾಡಿಗೆ ಮೂಟೆಗೆ 60, ಹಮಾಲಿ ಮೂಟೆಗೆ 10. ಕೈಗೆ ಬಂದದ್ದು ಎಷ್ಟು? ಬೆಳೆಯಲು 17,000 ಖರ್ಚಾಗಿದ್ದರೆ ಅದರ ಮೇಲೆ ಶೇಕಡ ಎಷ್ಟು ಲಾಭ? ಮಗು 30,000ದಿಂದ 2,800 ಕಳೆದು, 27,200ರಲ್ಲಿ 17,000 ಕಳೆದು, ಉಳಿದ 10,200 ಎಂಬುದು 17,000ದ ಶೇ 60 ಎಂದು ಕಂಡುಕೊಳ್ಳುವಷ್ಟರಲ್ಲಿ ಅಳತೆ, ಗುಣಾಕಾರ, ವ್ಯವಕಲನ, ಲಾಭ-ನಷ್ಟ, ಶೇಕಡ ಐದೂ ಮುಗಿದಿರುತ್ತವೆ. ಬೆಲೆ ಬಿದ್ದ ವರ್ಷದ ಲೆಕ್ಕವನ್ನೂ ಮಗುವಿನ ಮುಂದೆ ಇಡಿ, ಮುಚ್ಚಿಡಬೇಡಿ. ನಷ್ಟದ ಶೇಕಡವನ್ನು ಅದು ಆಗ ಮರೆಯುವುದಿಲ್ಲ. ಅಮ್ಮನ ಸ್ವಸಹಾಯ ಸಂಘದ ಪಾಸ್‌ಬುಕ್ ಬಡ್ಡಿಯ ಪಾಠಕ್ಕೆ ಸಿದ್ಧವಾಗಿರುವ ಪುಸ್ತಕ. 10,000 ರೂಪಾಯಿಗೆ ವರ್ಷಕ್ಕೆ ಶೇ 12ರಂತೆ ಎರಡು ವರ್ಷಕ್ಕೆ ಸರಳ ಬಡ್ಡಿ 2,400. ಸಂಘದವರು ವಾರ ವಾರ ಕಂತು ಕಟ್ಟಿಸಿಕೊಳ್ಳುವಾಗ ಬಡ್ಡಿ ಯಾಕೆ ಬೇರೆ ಬರುತ್ತದೆ ಎಂದು ಮಗು ಕೇಳಿದರೆ, ಆ ಮಗುವಿನ ಲೆಕ್ಕದ ಬಗ್ಗೆ ನೀವು ಚಿಂತೆ ಬಿಡಬಹುದು. ಕೆರೆ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯಲು ಎಷ್ಟು ನಿಮಿಷ, ಸೈಕಲ್ಲಿನಲ್ಲಿ ಎಷ್ಟು ನಿಮಿಷ, ಬುಕ್ಕಾಂಬುಧಿಯಲ್ಲಿ ಹೊರಟ ಬಸ್ಸು ಅಜ್ಜಂಪುರಕ್ಕೆ ಎಷ್ಟು ಹೊತ್ತಿಗೆ ಮುಟ್ಟಿತು: ವೇಗ, ದೂರ, ಕಾಲಕ್ಕೆ ಬೇರೆ ಉದಾಹರಣೆ ಯಾಕೆ? ಸರ್ಕಾರಿ ಶಾಲೆಗಳಿಗೆ 'ಗಣಿತ ಕಲಿಕಾ ಆಂದೋಲನ'ದಲ್ಲಿ ಅಕ್ಷರ ಫೌಂಡೇಶನ್‌ನ ಕಲಿಕಾ ಕಿಟ್ ಬಂದಿದೆ. ಅದು ಬೀರುವಿನಲ್ಲಿದ್ದರೆ ಹೊರಗೆ ತೆಗೆಸುವ ಹಕ್ಕು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಪ್ರತಿ ಸದಸ್ಯರಿಗೂ ಇದೆ.

ಆಕೃತಿಗಳಿಗೆ ಹಳೆಯ ದಿನಪತ್ರಿಕೆಯೂ ಕತ್ತರಿಯೂ ಸಾಕು. ಹಾಳೆಯನ್ನು ಎರಡು ಸಲ ಮಡಿಸಿ ಒಂದು ತೂತು ಮಾಡಿ, ಬಿಚ್ಚುವ ಮುಂಚೆ ತೂತುಗಳು ಎಲ್ಲಿ ಬರುತ್ತವೆಂದು ಮಗು ಬರೆದು ತೋರಿಸಲಿ. ಚುಕ್ಕೆ ರಂಗೋಲಿಯ ಅರ್ಧ ಅಕ್ಕ ಹಾಕಲಿ, ಇನ್ನರ್ಧ ತಮ್ಮ ಪೂರ್ತಿ ಮಾಡಲಿ. ಹುಡುಗರಿಗೂ ರಂಗೋಲಿ ಬಂದರೆ ಒಳ್ಳೆಯದೇ. ಕನ್ನಡಿ ಮುಂದೆ ಹೆಸರು ಬರೆದು ಹಿಡಿಯಲಿ. ಹೀಗೆ ಕೈಯಲ್ಲಿ ಮಾಡಿದ ಮೇಲೆ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಹಿಡಿದರೆ ಚಿತ್ರಗಳು ಗುರುತಿನವರಂತೆ ಕಾಣುತ್ತವೆ.

ಇನ್ನೊಂದು ಸಣ್ಣ ಸಂಗತಿ, ಆದರೆ ಬಹಳ ಮಕ್ಕಳು ಎಡವುವುದು ಇಲ್ಲೇ. ನಮ್ಮ ಸರ್ಕಾರಿ ಶಾಲೆಯ ಮಕ್ಕಳು ಮೂರನೇ ತರಗತಿಯವರೆಗೆ ನಲಿ-ಕಲಿಯಲ್ಲಿ ಕಾರ್ಡು, ಗುಂಪು, ಹಾಡು, ಆಟ ಇವುಗಳ ನಡುವೆ ಕಲಿತವರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯನ್ನು ನಾನು ಮೆಚ್ಚುತ್ತೇನೆ. ಆದರೆ ಆ ಮಕ್ಕಳು ಎರಡು ಗಂಟೆ ಒಂದೇ ಕಡೆ ಕೂತು, ಪ್ರಶ್ನೆಯ ಸಂಖ್ಯೆಯನ್ನೂ ಓಎಂಆರ್ ಹಾಳೆಯ ಸಂಖ್ಯೆಯನ್ನೂ ತಾಳೆ ನೋಡುತ್ತ ಬಾಲ್ ಪೆನ್ನಿನಲ್ಲಿ ಉತ್ತರ ಗುರುತಿಸಿದ ಅನುಭವವಿಲ್ಲದವರು. ಅಲ್ಲಿ ಪೆನ್ಸಿಲ್ ನಡೆಯುವುದಿಲ್ಲ, ಒಮ್ಮೆ ಗುರುತಿಸಿದ್ದನ್ನು ತಿದ್ದುವಂತಿಲ್ಲ. ಉತ್ತರ ಗೊತ್ತಿದ್ದೂ ಒಂದು ಸಾಲು ತಪ್ಪಿ ಕೆಳಗಿನದನ್ನೆಲ್ಲ ತಪ್ಪು ತುಂಬಿದ ಮಗುವಿನ ಸಂಕಟ ದೊಡ್ಡದು. ಪರೀಕ್ಷೆಗೆ ಮುಂಚಿನ ತಿಂಗಳಲ್ಲಿ ನಾಲ್ಕೈದು ಭಾನುವಾರ ಗಡಿಯಾರ ಇಟ್ಟುಕೊಂಡು ಇದನ್ನು ಅಭ್ಯಾಸ ಮಾಡಿಸಿ. ಗೊತ್ತಿಲ್ಲದ ಪ್ರಶ್ನೆಯ ಮೇಲೆ ಕೂರದೆ ಮುಂದೆ ಹೋಗುವುದನ್ನೂ, ಕೊನೆಯ ಹತ್ತು ನಿಮಿಷದಲ್ಲಿ ಯಾವುದನ್ನೂ ಖಾಲಿ ಬಿಡದಿರುವುದನ್ನೂ ಹೇಳಿಕೊಡಿ.

ಇಷ್ಟು ಹೇಳಿದ ಮೇಲೆ ನನ್ನ ಮುಂದೆ ಬರುವ ಆಕ್ಷೇಪ ಗೊತ್ತಿದೆ, ಅದು ಹಗುರವಾದದ್ದೂ ಅಲ್ಲ. "ನೀವು ಹೀಗೆ ಹೇಳ್ತೀರಿ, ಅತ್ತ ದುಡ್ಡಿರೋರ ಮಕ್ಕಳು ಕೋಚಿಂಗ್ ಹಾಸ್ಟೆಲಿಗೆ ಹೋಗಿ ಸೀಟು ಹೊಡ್ಕೊಂಡು ಹೋಗ್ತಾರೆ. ನಮ್ಮ ಮಕ್ಕಳು ರಂಗೋಲಿ ಹಾಕ್ಕೊಂಡು ಕೂರ್ಬೇಕಾ?" ಸ್ಪರ್ಧೆ ಇರುವುದು ನಿಜ, ಅಭ್ಯಾಸ ಮಾಡಿದವರಿಗೆ ಅನುಕೂಲವಾಗುವುದೂ ನಿಜ. ನಾನು ಅಭ್ಯಾಸ ಬೇಡವೆಂದು ಹೇಳುತ್ತಿಲ್ಲ. ಮಗುವಿನ ಒಂದು ವರ್ಷವನ್ನು ಕಿತ್ತು ಬೇರೆ ಕಡೆ ನೆಡಬೇಡಿ ಅನ್ನುತ್ತಿದ್ದೇನೆ. ಹಾಗೆ ಕಿತ್ತವರು ಕೆಲವೊಮ್ಮೆ ಆ ಸೀಟಿನ ದಾರಿಯನ್ನೇ ಮುಚ್ಚಿಕೊಳ್ಳುತ್ತಾರೆ, ಯಾಕೆಂದರೆ ನಿಯಮಗಳು ಹೀಗಿವೆ: ಮಗು ಯಾವ ಜಿಲ್ಲೆಯ ನವೋದಯಕ್ಕೆ ಬರೆಯುತ್ತದೋ ಅದೇ ಜಿಲ್ಲೆಯಲ್ಲಿ ವಾಸವಾಗಿದ್ದು, ಅಲ್ಲೇ ಐದನೇ ತರಗತಿ ಓದುತ್ತಿರಬೇಕು. ಐದನೇ ತರಗತಿಯನ್ನು ಎರಡನೇ ಸಲ ಓದುತ್ತಿರುವ ಮಗುವಿಗೆ ಅವಕಾಶವಿಲ್ಲ. ಗ್ರಾಮೀಣ ಮೀಸಲು ಬೇಕೆಂದರೆ ಮೂರು, ನಾಲ್ಕು, ಐದು ಈ ಮೂರೂ ತರಗತಿಯನ್ನು ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಪೂರ್ತಿ ಓದಿರಬೇಕು. ಆ ಮೂರು ವರ್ಷದಲ್ಲಿ ಕಡೂರು, ಬೀರೂರು ಅಥವಾ ತರೀಕೆರೆ ಪುರಸಭೆಯ ಒಳಗಿನ ಶಾಲೆಗೆ ಸ್ವಲ್ಪ ಕಾಲ ಸೇರಿಸಿದ್ದರೂ ಮಗು ನಗರದ ಅಭ್ಯರ್ಥಿ. ಬುಕ್ಕಾಂಬುಧಿಯ ಶಾಲೆಯಲ್ಲೇ ಓದಿದ್ದರೆ ಮುಕ್ಕಾಲು ಸೀಟುಗಳಿಗೆ ಹಕ್ಕುದಾರನಾಗಿದ್ದ ಮಗು, "ಚೆನ್ನಾಗಿ ತಯಾರಾಗಲಿ" ಎಂದು ಪಟ್ಟಣಕ್ಕೆ ಹಾಕಿದ ಕಾರಣಕ್ಕೆ ಉಳಿದ ಕಾಲು ಭಾಗಕ್ಕೆ ಪಟ್ಟಣದ ಮಕ್ಕಳ ಜೊತೆ ಪೈಪೋಟಿ ಮಾಡಬೇಕಾಗುತ್ತದೆ. ಹೆಸರು ಒಂದು ಶಾಲೆಯಲ್ಲಿ, ಮಗು ಇನ್ನೊಂದು ಕಡೆ ಎಂಬ ಏರ್ಪಾಡನ್ನು ಯಾರಾದರೂ ಸೂಚಿಸಿದರೆ ಅಲ್ಲಿಂದ ಎದ್ದು ಬನ್ನಿ. ಹತ್ತು ವರ್ಷದ ಮಗುವಿಗೆ ಸುಳ್ಳು ದಾಖಲೆಯ ಮೇಲೆ ಬದುಕು ಕಟ್ಟಲು ಕಲಿಸುವುದು ಯಾವ ಶಾಲೆಗಾಗಿಯೂ ತೆರಬಾರದ ಬೆಲೆ.

2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಕೋಚಿಂಗ್ ಕೇಂದ್ರಗಳಿಗಾಗಿ ಮಾರ್ಗಸೂಚಿ ಹೊರಡಿಸಿ 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದೆಂದು ಹೇಳಿತು. ಅದನ್ನು ಬರೆಯುವಾಗ ಮನಸ್ಸಿನಲ್ಲಿದ್ದುದು ಕೋಟಾದಂಥ ನಗರಗಳ ದೊಡ್ಡ ಮಕ್ಕಳ ಸಂಕಟ. ಆದರೆ ಹದಿನೈದರ ಮಗುವಿಗೆ ಭಾರವಾದದ್ದು ಒಂಬತ್ತು-ಹತ್ತರ ಮಗುವಿಗೆ ಹಗುರವಾಗುವುದು ಹೇಗೆ? ಬೆಳಿಗ್ಗೆ ಐದಕ್ಕೆ ಎಬ್ಬಿಸಿ ರಾತ್ರಿ ಹತ್ತರವರೆಗೆ ಕೂರಿಸುವ ದಿನಚರಿಯನ್ನು ಶಿಸ್ತು ಎಂದು ಹೊಗಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ವಯಸ್ಸಿನ ಮಗುವಿಗೆ ಒಂಬತ್ತು ಗಂಟೆ ನಿದ್ದೆ ಬೇಕು, ಮೈದಾನ ಬೇಕು.

ದುಡ್ಡಿರುವವರ ಮಕ್ಕಳು ಮುಂದೆ ಹೋಗುವ ಅನ್ಯಾಯಕ್ಕೆ ಉತ್ತರ ಬೇರೆ ಕಡೆ ಇದೆ. ಕ್ಲಸ್ಟರಿನ ನಾಲ್ಕಾರು ಸರ್ಕಾರಿ ಶಾಲೆಗಳ ಐದನೇ ತರಗತಿಯ ಮಕ್ಕಳನ್ನು ವಾರಕ್ಕೆರಡು ಸಂಜೆ ಒಂದು ಗಂಟೆ ಸೇರಿಸಿ ಓದಿಸಲು, ಲೆಕ್ಕ ಮಾಡಿಸಲು ಮನಸ್ಸಿರುವ ಶಿಕ್ಷಕರು ನಮ್ಮಲ್ಲಿದ್ದಾರೆ, ಇದನ್ನು ಸದ್ದಿಲ್ಲದೆ ಮಾಡುತ್ತಿರುವವರೂ ಇದ್ದಾರೆ. ತಂದೆತಾಯಿಗಳು ಅವರ ಬೆನ್ನಿಗೆ ನಿಲ್ಲಬೇಕು. ಒಂದು ಷರತ್ತಿನೊಂದಿಗೆ: "ಬುದ್ಧಿವಂತ" ಮಕ್ಕಳನ್ನು ಮಾತ್ರ ಆರಿಸಿ ಪಾಠ ಮಾಡಬಾರದು, ಐದನೇ ತರಗತಿಯ ಎಲ್ಲ ಮಕ್ಕಳೂ ಕೂರಬೇಕು. ಕೋಚಿಂಗಿಗೆ ಕೊಡುವ ದುಡ್ಡಿನ ಹತ್ತರಲ್ಲೊಂದು ಭಾಗವನ್ನು ಹತ್ತು ಮನೆಯವರು ಸೇರಿಸಿದರೆ ಹಳೆಯ ಪ್ರಶ್ನೆಪತ್ರಿಕೆಗಳ ಜೆರಾಕ್ಸ್, ನೂರು ಕಥೆ ಪುಸ್ತಕ, ಸಂಜೆಯ ಮಂಡಕ್ಕಿ ಎಲ್ಲಕ್ಕೂ ಆಗಿ ಮಿಗುತ್ತದೆ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನವೋದಯದ ಅರ್ಜಿಗೆ ಶುಲ್ಕವಿಲ್ಲ. ಆರನೇ ತರಗತಿಯ ಪರೀಕ್ಷೆಯನ್ನು ಒಮ್ಮೆ ಮಾತ್ರ ಬರೆಯಬಹುದು. ಹಿಂದುಳಿದ ವರ್ಗದ ಮೀಸಲಿಗೆ ನೋಡುವುದು ಕೇಂದ್ರದ ಪಟ್ಟಿಯನ್ನು. ರಾಜ್ಯದ 2ಎ, 3ಬಿ ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಅಲ್ಲಿ ನಡೆಯುತ್ತದೆಂದು ತಿಳಿಯಬೇಡಿ. ರಾಜ್ಯದ ವಸತಿ ಶಾಲೆಗಳಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ನಾಡಕಚೇರಿಗೆ ಮುಂಚೆಯೇ ಹೋಗಿ, ಹೆಸರಿನ ಅಕ್ಷರ ಶಾಲೆಯ ದಾಖಲೆಯಲ್ಲೂ ಆಧಾರಿನಲ್ಲೂ ಒಂದೇ ಇದೆಯೇ ನೋಡಿ.

ಇದಕ್ಕಿಂತಲೂ ಮುಖ್ಯವಾಗಿದ್ದೂ ಯಾರೂ ತಯಾರಿ ಎಂದು ಎಣಿಸದ ಸಂಗತಿ ಒಂದಿದೆ. ಸೀಟು ಸಿಕ್ಕರೆ ಮಗು ಮನೆ ಬಿಡಬೇಕು. ಬುಕ್ಕಾಂಬುಧಿ ಬಯಲು ಸೀಮೆ, ಸೀಗೋಡು ಮಲೆನಾಡು. ಜಿಲ್ಲೆ ಒಂದೇ ಆದರೂ ಮಳೆ ಬೇರೆ, ಮಾತಿನ ರಾಗ ಬೇರೆ. ಜೂನ್ ತಿಂಗಳ ಜಡಿಮಳೆಯಲ್ಲಿ ಒಣಗದ ಬಟ್ಟೆ, ಹೊಸ ಊಟ, ಸುತ್ತ ಗುರುತಿಲ್ಲದ ಮುಖಗಳು. ಮೊದಲ ಎರಡು ಮೂರು ವರ್ಷ ಕನ್ನಡದಲ್ಲಿ ಪಾಠ, ಆಮೇಲೆ ಇಂಗ್ಲಿಷ್ ಮತ್ತು ಹಿಂದಿ. ಒಂಬತ್ತನೇ ತರಗತಿಯಲ್ಲಿ ಸುಮಾರು ಶೇ 30 ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಹಿಂದಿ ಸೀಮೆಯ ನವೋದಯಕ್ಕೆ ಕಳಿಸುವ ಪದ್ಧತಿಯೂ ಇದೆ. ಇದನ್ನೆಲ್ಲ ಅರ್ಜಿ ಹಾಕುವ ಮುಂಚೆ ಮಗುವಿಗೆ ಹೇಳಬೇಕು, ಹೇಳಿ ಅದರ ಮಾತು ಕೇಳಬೇಕು. ಎಷ್ಟೋ ಮನೆಗಳಲ್ಲಿ ಅಜ್ಜಿಯ ಜೊತೆ ಮಲಗುವ ಮಗುವಿಗೆ, ತಾನು ಬರೆಯುತ್ತಿರುವುದು ಮನೆ ಬಿಡುವ ಪರೀಕ್ಷೆ ಎಂಬುದೇ ಗೊತ್ತಿರುವುದಿಲ್ಲ. ತನ್ನ ಬಟ್ಟೆ ತಾನು ಒಗೆಯುವುದು, ಹಾಸಿಗೆ ಸುತ್ತುವುದು, ಹೊಟ್ಟೆನೋವು ಬಂದರೆ ಅಳುತ್ತ ಕೂರದೆ ದೊಡ್ಡವರಿಗೆ ಹೇಳುವುದು, ಯಾರಾದರೂ ಹೊಡೆದರೆ ಅಥವಾ ಮೈಮುಟ್ಟಿ ಕೆಟ್ಟದಾಗಿ ನಡೆದುಕೊಂಡರೆ ಮುಚ್ಚಿಡದೆ ತಿಳಿಸುವುದು: ಲ.ಸಾ.ಅ.ದಷ್ಟೇ ಜೋಪಾನವಾಗಿ ಕಲಿಸಬೇಕಾದ ಪಾಠಗಳಿವು. ಮಗು ಖಂಡಿತ ಬೇಡವೆಂದರೆ ಆ ಮಾತನ್ನು ಗೌರವಿಸಿ. ಅರ್ಧ ವರ್ಷದಲ್ಲಿ ವಾಪಸ್ಸು ಬಂದ ಮಗುವಿಗೆ ಊರು ಹಚ್ಚುವ ಹಣೆಪಟ್ಟಿ, ಹೋಗದೇ ಉಳಿದ ಮಗುವಿನದಕ್ಕಿಂತ ಬಹಳ ಭಾರ.

ಹತ್ತರ ಮಗುವಿನ ಮಾತು ಇದಾದರೆ, ಐದಾರರ ಮಗುವಿನದು ಪೂರ್ತಿ ಬೇರೆ. ಒಂದನೇ ತರಗತಿಗೆ ಸೇರಿಸಲು "ಇಂಟರ್‌ವ್ಯೂ" ಇದೆಯೆಂದು ಮಗುವಿಗೆ ಬಣ್ಣ, ಪ್ರಾಣಿ, ರೈಮ್ಸ್ ಉರುಹೊಡೆಸುವ ತಂದೆತಾಯಿಗಳು ನಮ್ಮ ತಾಲ್ಲೂಕುಗಳಲ್ಲೂ ಹೆಚ್ಚುತ್ತಿದ್ದಾರೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಪ್ರವೇಶಕ್ಕಾಗಿ ಮಗುವನ್ನಾಗಲಿ, ತಂದೆತಾಯಿಯನ್ನಾಗಲಿ ಪರೀಕ್ಷೆಗೆ ಒಡ್ಡುವಂತಿಲ್ಲ. ಒಡ್ಡಿದರೆ ಮೊದಲ ಸಲಕ್ಕೆ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲಕ್ಕೂ 50,000 ರೂಪಾಯಿವರೆಗೆ ದಂಡ. ನವೋದಯ, ಸೈನಿಕ ಶಾಲೆಗಳಂಥ ವಿಶೇಷ ವರ್ಗದ ಶಾಲೆಗಳನ್ನು ಕಾಯ್ದೆ ಬೇರೆಯಾಗಿಯೇ ಹೆಸರಿಸಿದೆ. ಉಳಿದ ಶಾಲೆಗಳ ಒಂದನೇ ತರಗತಿಗೆ ನಿಮ್ಮ ಮಗುವನ್ನು ತಯಾರು ಮಾಡುವ ಅಗತ್ಯವೇ ಇಲ್ಲ, ಕೇಳುವುದೇ ಕಾನೂನುಬಾಹಿರ. ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಮಕ್ಕಳ ಬೆನ್ನಿನ ಮೇಲಿನ ಚೀಲದ ಭಾರದ ಬಗ್ಗೆ ಮಾತಾಡಿದ ಮೇಲೆ ಎದ್ದ ಚರ್ಚೆಯಿಂದ ಯಶಪಾಲ್ ಸಮಿತಿ ರಚನೆಯಾಯಿತು. ನರ್ಸರಿ ಪ್ರವೇಶಕ್ಕೆ ಪರೀಕ್ಷೆ, ಸಂದರ್ಶನ ರದ್ದಾಗಬೇಕೆಂದು ಆ ಸಮಿತಿ 1993ರಲ್ಲೇ ಹೇಳಿತ್ತು. ಅಷ್ಟು ಹಿಂದೆ ಹೇಳಿದ್ದನ್ನು ಇನ್ನೂ ಕೇಳಿಸಿಕೊಳ್ಳದ ಶಾಲೆ ಎದುರಾದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರೆಯಿರಿ.

ಮತ್ತೆ ಐದನೇ ತರಗತಿಗೆ ಬರುತ್ತೇನೆ, ಫಲಿತಾಂಶದ ದಿನಕ್ಕೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆ ದಿನ ಮನೆಯಲ್ಲಿ ಆಡುವ ಮಾತು ಮಗುವಿಗೆ ಬಹಳ ಕಾಲ ನೆನಪಿರುತ್ತದೆ. "ಇಷ್ಟು ಖರ್ಚು ಮಾಡಿದ್ವಿ" ಎಂಬ ಮಾತನ್ನು ದಯವಿಟ್ಟು ಆಡಬೇಡಿ. ಆ ಮಾತು ಬಾರದಿರಬೇಕೆಂದರೆ ಆ ಖರ್ಚನ್ನೇ ಮಾಡದಿರುವುದು ಉತ್ತಮ. ಪಕ್ಕದ ಮನೆಯ ಮಗು ಆಯ್ಕೆಯಾಗಿದ್ದರೆ ನಿಮ್ಮ ಮಗುವನ್ನೂ ಕರೆದುಕೊಂಡು ಹೋಗಿ ಶುಭ ಹೇಳಿಸಿ. ಸಂಜೆ ಗಟ್ಟಿಯಾಗಿ ಓದುವುದನ್ನು ಮಾತ್ರ ನಿಲ್ಲಿಸಬೇಡಿ. ಪರೀಕ್ಷೆ ಮುಗಿಯಿತೆಂದು ಗೈಡು ಅಟ್ಟ ಸೇರಿದಂತೆ ಕಥೆ ಪುಸ್ತಕವೂ ಅಟ್ಟ ಸೇರಿದರೆ ಮಾಡಿದ್ದೆಲ್ಲ ನಿಜವಾಗಿಯೂ ದಂಡ.

ಮುಂದೆ ಆ ಮಗುವಿಗಾಗಿಯೇ ಇನ್ನೊಂದು ಪರೀಕ್ಷೆ ಇದೆ. 2008ರಲ್ಲಿ ಶುರುವಾದ ರಾಷ್ಟ್ರೀಯ ಪ್ರತಿಭಾ ಮತ್ತು ಆದಾಯ ಆಧಾರಿತ ವಿದ್ಯಾರ್ಥಿವೇತನ, ಮೇಷ್ಟ್ರುಗಳ ಬಾಯಲ್ಲಿ ಎನ್‌ಎಂಎಂಎಸ್. ಎಂಟನೇ ತರಗತಿಯಲ್ಲಿ ಬರೆಯುವುದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಅದರ ಎರಡು ಪತ್ರಿಕೆಗಳಲ್ಲಿ ಒಂದು ಮಾನಸಿಕ ಸಾಮರ್ಥ್ಯದ್ದು, ಇನ್ನೊಂದು ಶಾಲೆಯ ಪಾಠಗಳದ್ದು. ನವೋದಯ, ಸೈನಿಕ ಶಾಲೆ ಮತ್ತು ಸರ್ಕಾರಿ ವಸತಿ ಶಾಲೆಗಳ ಮಕ್ಕಳಿಗೆ ಅದು ತೆರೆದಿಲ್ಲ. ಮನೆಯಿಂದ ನಡೆದುಕೊಂಡು ಹೋಗಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆಯಲ್ಲಿ ಓದುವ, ಆದಾಯ ಕಡಿಮೆಯಿರುವ ಮನೆಯ ಮಕ್ಕಳಿಗಷ್ಟೇ ಅದು. ಐದನೇ ತರಗತಿಯಲ್ಲಿ ಕಾಗದ ಮಡಿಸಿ ತೂತು ಎಣಿಸಿದ, ಅಮ್ಮನಿಗೆ ಕಥೆ ಓದಿ ಹೇಳಿದ, ಈರುಳ್ಳಿ ಲೆಕ್ಕ ಬಿಡಿಸಿದ ಮಗು ಆರನೇ ತರಗತಿಯಿಂದಲೇ ಅದಕ್ಕೆ ಓದಲು ಶುರುಮಾಡಬಹುದು. ಅರ್ಜಿ ಯಾವಾಗ ಎಂದು ಹೈಸ್ಕೂಲಿನ ಮೇಷ್ಟ್ರನ್ನು ಕೇಳಿಟ್ಟುಕೊಳ್ಳಿ. ಏಳನೇ ತರಗತಿಯ ಅಂಕಗಳನ್ನೂ ಅಲ್ಲಿ ನೋಡುತ್ತಾರೆ.